ಪ್ಲಾಟಿನಲ್ಲಿ ಬಿಟ್ಟ ಮೀನು

ಗಂಡನ ಮಣ್ಣಿಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ನಲ್ಲಿಗೆ ನೀರು ಬಂತು. ಮನೀಷಾ ಎದ್ದು ಕೊಡ ಇಟ್ಟಳು.

ಅದು ೨೦೦೬ರ ಶ್ರಾವಣ. ಹುಮನಾಬಾದಿನಲ್ಲಿ ನಲ್ಲಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ನೀರಿತ್ತು: ರಸ್ತೆಯ ತಗ್ಗುಗಳಲ್ಲಿ, ಹಳೆ ಟೈರುಗಳಲ್ಲಿ, ಖಾಲಿ ಪ್ಲಾಟುಗಳಲ್ಲಿ. ನೀರಿದ್ದಲ್ಲಿ ಸೊಳ್ಳೆ, ಸೊಳ್ಳೆ ಇದ್ದಲ್ಲಿ ಚಿಕೂನ್‌ಗುನ್ಯಾ. ಜ್ವರವೇನೋ ಬೇಗ ಇಳಿಯುತ್ತಿತ್ತು, ಹಿಡಿದ ಕೀಲು ಮಾತ್ರ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿತ್ತು. ವರ್ಷಾನುಗಟ್ಟಲೆ ಜಗಳಾಡಿದ ಅಣ್ಣತಮ್ಮಂದಿರು ಒಬ್ಬರ ಹೆಗಲಿಗೊಬ್ಬರು ಕೈ ಹಾಕಿಕೊಂಡು ಬಯಲಿಗೆ ಹೋಗುವಂತಾಗಿತ್ತು.

ಮನೀಷಾಳ ಗಂಡ ಶಂಕರಲಿಂಗ ಪ್ಲಾಟು ಮಾರಿಸಿಕೊಡುವ ಏಜೆಂಟ. ಅವನಿಗೆ ಜ್ವರ ಬಿಟ್ಟಿತ್ತು, ಬಲಗಾಲಿನ ಕೀಲು ಬಿಟ್ಟಿರಲಿಲ್ಲ. ಹೈವೇ ಪಕ್ಕದ ಜಾಗ ನೋಡಲು ಸೊಲ್ಲಾಪುರದಿಂದ ಪಾರ್ಟಿ ಬಂದಿದೆ ಎಂದು ಬೈಕು ತೆಗೆದುಕೊಂಡು ಹೋದ. ಮುಂದಿನ ಲಾರಿ ನಿಂತಿತು. ಇವನ ಕಾಲು ಬ್ರೇಕಿನ ಮೇಲೆ ಬಗ್ಗಲಿಲ್ಲ. ಜ್ವರದಿಂದ ಸತ್ತವರ ಲೆಕ್ಕಕ್ಕೆ ಆಸ್ಪತ್ರೆಯವರು ಅವನನ್ನು ಸೇರಿಸಿಕೊಳ್ಳಲಿಲ್ಲ, ಲಾರಿಯ ಲೆಕ್ಕಕ್ಕೆ ಪೊಲೀಸರು ಸೇರಿಸಿಕೊಂಡರು. ಹೀಗಾಗಿ ಸರ್ಕಾರಕ್ಕೆ ಅವನ ಸಾವಿನಿಂದ ಯಾವ ತೊಂದರೆಯೂ ಆಗಲಿಲ್ಲ.

ಹೋಗುವ ಮುಂಚೆ ನೆಂಟರಲ್ಲಿನ ಹಿರಿಯರು ಒಂದು ನಿರ್ಧಾರ ಮಾಡಿ ಹೋಗಿದ್ದರು. ಮನೆ ಬಾಡಿಗೆಯದು. ಇರುವವರು ಮೂವರು: ಅತ್ತೆ ಶಕುಂತಲಾಬಾಯಿ, ಮದುವೆಯಾಗದ ಮೈದುನ ದಿಗಂಬರ, ಹರೆಯದ ವಿಧವೆ ಮನೀಷಾ. ಮಂದಿ ಏನಂದಾರು? ಶಂಕರಲಿಂಗ ಹೈವೇ ಪಕ್ಕದಲ್ಲಿ ಹೆಂಡತಿಯ ಹೆಸರಿಗೆ ಒಂದು ಪ್ಲಾಟು ಕೊಂಡಿದ್ದ. ದೀಪಾವಳಿಯೊಳಗೆ ಪುರಸಭೆಯ ಪರವಾನಗಿ ಸಿಕ್ಕು ಅಲ್ಲಿ ಎರಡು ಕೋಣೆ ಎದ್ದರೆ ಅವಳು ಅತ್ತೆಯನ್ನು ಕರೆದುಕೊಂಡು ಅಲ್ಲಿರಬಹುದು. ಇಲ್ಲದಿದ್ದರೆ ಕೊಹಿನೂರಿನ ತವರಿಗೆ ಹೋಗತಕ್ಕದ್ದು. ಗುಲಬರ್ಗಾದಲ್ಲಿ ಎಂ.ಎ. ಮುಗಿಸಿ, ಊರ ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಹೇಳುತ್ತಿದ್ದ ಮನೀಷಾಳಿಗೆ ಕೊಹಿನೂರಿನಲ್ಲಿ ಹೊಲವಿತ್ತು, ಎಮ್ಮೆಯಿತ್ತು, ಕಾಲೇಜಿರಲಿಲ್ಲ. ಹಿರಿಯರು ಹೇಳಿದ್ದಕ್ಕೆಲ್ಲ ಅವಳು ತಲೆಯಾಡಿಸಿದ್ದಳು. ಪ್ಲಾಟು ಇದೆಯಲ್ಲ ಎಂಬುದೊಂದೇ ಅವಳ ಧೈರ್ಯ.

ಕೊಡ ತುಂಬುವಷ್ಟರಲ್ಲಿ ಪುರಸಭೆಯ ಆರೋಗ್ಯ ಇನ್‌ಸ್ಪೆಕ್ಟರು ಬಂದೇನವಾಜ್ ಬಾಗಿಲಿಗೆ ಬಂದ. ಅವನಿಗೂ ಮೊಣಕಾಲು ಹಿಡಿದಿತ್ತು. ಸೈಕಲ್ಲನ್ನು ಹತ್ತಲಾರದೆ ಊರುಗೋಲಿನಂತೆ ನೂಕಿಕೊಂಡು ಬಂದಿದ್ದ.

“ಶಂಕರಲಿಂಗ ಸಾಹುಕಾರರು ಅದಾರೇನ್ರಿ?”

ಇಲ್ಲ ಎಂದಳು ಮನೀಷಾ. ಯಾವಾಗ ಬರುತ್ತಾರೆ ಎಂದು ಕೇಳಿದ. ಅವಳು ಕೊಡದೊಳಗೆ ನೋಡಿದಳು. ಒಳಗಿನಿಂದ ಶಕುಂತಲಾಬಾಯಿ, ಮಣ್ಣು ಮಾಡಿ ಬಂದೀವಪ್ಪ ಎಂದು ಕೂಗಿ ಹೇಳಿದಳು. ಬಂದೇನವಾಜ್ ಟೋಪಿ ತೆಗೆದು, ತಕ್ಕಷ್ಟು ಹೊತ್ತು ಕೈಯಲ್ಲಿ ಹಿಡಿದು, ಮತ್ತೆ ಹಾಕಿಕೊಂಡ. ಆಮೇಲೆ ಬಹಳ ಸಂಕೋಚದಿಂದ ಕೇಳಿದ:

“ಹಂಗಾದ್ರ ಈ ನೋಟೀಸು ಯಾರಿಗಿ ಕೊಡಲ್ರಿ?”

ಸಂಗತಿ ಇಷ್ಟು. ಖಾಲಿ ಪ್ಲಾಟಿನಲ್ಲಿ ನೀರು ನಿಂತರೆ ಅದರ ಮಾಲಕನೇ ತೆಗೆಸಬೇಕು, ಮಾಲಕ ಊರಲ್ಲಿ ಇಲ್ಲದಿದ್ದರೆ ಆ ಪ್ಲಾಟಿನಲ್ಲಿ ಯಾರ ಬೋರ್ಡಿದೆಯೋ ಆ ಏಜೆಂಟನೇ ಹೊಣೆ ಎಂದು ಹೊಸ ಹುಕುಂ ಬಂದಿತ್ತು. ಜೊತೆಗೆ ಇನ್ನೊಂದು: ಸೊಳ್ಳೆ ಇಲ್ಲವೆಂಬ ಪುರಸಭೆಯ ಚೀಟಿ ಇಲ್ಲದೆ ಯಾವ ಪ್ಲಾಟೂ ನೋಂದಣಿಯಾಗದು. ಈ ಎರಡು ಮಾತುಗಳಲ್ಲಿ ಸರ್ಕಾರ ಊರಿನ ಏಜೆಂಟರನ್ನೆಲ್ಲ ಮಲಗಿಸಿತ್ತು. ಜ್ವರ ಮಲಗಿಸದೆ ಬಿಟ್ಟವರನ್ನೂ ಸೇರಿಸಿ.

ಏಕೆಂದರೆ ಹುಮನಾಬಾದಿನ ಪ್ಲಾಟು ವ್ಯಾಪಾರಕ್ಕೆ ತನ್ನದೇ ಒಂದು ರೀತಿಯಿತ್ತು. ಮೊದಲು ಪ್ಲಾಟು ಹಿಡಿದು ಆಮೇಲೆ ಬೋರ್ಡು ಹಾಕುವುದು ಬೇರೆ ಊರುಗಳ ಪದ್ಧತಿ. ಇಲ್ಲಿ ಖಾಲಿ ಜಾಗ ಕಂಡಲ್ಲಿ ಮೊದಲು ಬೋರ್ಡು. ಮಾಲಕ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುತ್ತಾನೆ, ಅವನಿಗೆ ಗೊತ್ತಾಗುವುದಿಲ್ಲ. ಬೋರ್ಡು ನೋಡಿ ಗಿರಾಕಿ ಫೋನು ಮಾಡಿದ ಮೇಲೆ ಮಾಲಕನನ್ನು ಹುಡುಕಿದರಾಯಿತು. ಈ ಕಲೆಯಲ್ಲಿ ಶಂಕರಲಿಂಗ ಎಲ್ಲರಿಗಿಂತ ಮುಂದು. ಊರಿನ ಅರ್ಧ ಖಾಲಿ ಜಾಗಗಳಲ್ಲಿ ‘ಶಂಕರಲಿಂಗ ರಿಯಲ್ ಎಸ್ಟೇಟ್’ ಎಂಬ ಹಳದಿ ಬೋರ್ಡಿತ್ತು, ಅವನು ಹೋಗಲು ಹಿಂಜರಿದ ಖಾಲಿ ಜಾಗವೆಂದರೆ ಸ್ಮಶಾನವೊಂದೇ.

ಈಗ ಅವನು ಅಲ್ಲಿಗೂ ಹೋಗಿದ್ದ.

ಬಂದೇನವಾಜ್ ತಲೆ ಕೆರೆದುಕೊಂಡು ನಿಂತಾಗ ದಿಗಂಬರ ಹೊರಗೆ ಬಂದ. ಅಣ್ಣನ ಮೊಬೈಲು ಅವನ ಜೇಬಿನಲ್ಲಿತ್ತು, ಅಣ್ಣನ ಪೆನ್ನೂ. ಇನ್ನು ಮನೆಯ ಗಂಡಸು ತಾನೇ ಎಂಬ ಅರಿವು ಅವನಿಗೆ ಹಿಂದಿನ ದಿನವಷ್ಟೇ ಆಗಿತ್ತು. ಅದನ್ನು ತೋರಿಸಲು ಮೊದಲ ಅವಕಾಶ ಬಾಗಿಲಿಗೇ ಬಂದು ನಿಂತಿತ್ತು. ನೋಟೀಸನ್ನು ಓದದೆ ಕೇಳಿದ, ಎಷ್ಟು ಪ್ಲಾಟಿನದು? ಬಹಳ ಅದಾವ ಎಂದ ಬಂದೇನವಾಜ್.

“ಇರಲಾರದೇನು. ಈ ಊರಾಗಿನ ಖಾಲಿ ಜಾಗಾ ಎಲ್ಲಾ ನಮ್ಮ ಕೈಯಾಗೇ ಅದ,” ಎಂದು ದಿಗಂಬರ ಸಹಿ ಹಾಕಿದ.

ಮನೀಷಾ ನೋಟೀಸು ತೆಗೆದುಕೊಂಡು ಓದಿದಳು. ಊರಿನ ಅರ್ಧದಷ್ಟು ಸೊಳ್ಳೆಗಳನ್ನು ಮೈದುನ ತನ್ನ ಹೆಸರಿಗೆ ಬರೆಸಿಕೊಂಡಿದ್ದ.

ಸುದ್ದಿ ಏಜೆಂಟರು ಕೂರುವ ಚಹಾದಂಗಡಿಗೆ ಹೋಗಿ ಮುಟ್ಟಿತು. ಅಲ್ಲಿ ಕರ್ಪೂರದೆಣ್ಣೆಯಿಂದ ಮೊಣಕಾಲು ತಿಕ್ಕುತ್ತ ಕೂತಿದ್ದ ಮಚ್ಚೇಂದ್ರ, ಶಂಕರಲಿಂಗನ ಜನ್ಮದ ಪ್ರತಿಸ್ಪರ್ಧಿ, ಮೊದಲು ಅಯ್ಯೋ ಎಂದ. ಆಮೇಲೆ ಯೋಚಿಸಿದ. ಮರುದಿನದಿಂದ ಊರಿನಲ್ಲಿ ಒಂದು ಸೋಜಿಗ ನಡೆಯಿತು. ಮಚ್ಚೇಂದ್ರನ ಹಸಿರು ಬೋರ್ಡುಗಳು ಒಂದೊಂದಾಗಿ ಮಾಯವಾದವು. ಮಿಕ್ಕ ಏಜೆಂಟರವೂ ಮಾಯವಾದವು. ಅವು ಇದ್ದಲ್ಲಿ ಹಳದಿ ಬೋರ್ಡು ಎದ್ದಿತು. ಪೇಂಟರನಿಗೆ ಕೈ ಹಿಡಿದಿದ್ದರೂ ಕೆಲಸದಿಂದ ಬಿಡುವಿರಲಿಲ್ಲ. ಬದುಕಿದ್ದಾಗ ಅರ್ಧ ಊರಿನ ಏಜೆಂಟನಾಗಿದ್ದ ಶಂಕರಲಿಂಗ ಸತ್ತ ಹದಿನೈದು ದಿನದೊಳಗೆ ಇಡೀ ಊರಿನವನಾದ.

ದಿಗಂಬರನಿಗೆ ಆನಂದ. ವ್ಯವಹಾರ ತಾನಾಗಿಯೇ ಬೆಳೆಯುತ್ತಿದೆ, ಅಣ್ಣನ ಪುಣ್ಯ ಎಂದು ತಾಯಿಗೆ ಹೇಳಿದ. ಮನೀಷಾ ಕಾಲೇಜಿಗೆ ಹೋಗುವ ದಾರಿಯಲ್ಲಿ, ಗಂಡ ಎಂದೂ ಕಾಲಿಡದ ಓಣಿಗಳಲ್ಲಿ, ಅವನ ಹೆಸರು ಓದುತ್ತ ಹೋದಳು. ಒಂದು ತಿರುವಿನಲ್ಲಿ ಮಚ್ಚೇಂದ್ರ ಕೈಯಲ್ಲಿ ಹಾರೆ, ಬಗಲಲ್ಲಿ ಹಳದಿ ಬೋರ್ಡು ಹಿಡಿದು ಎದುರಾದ. ಓಡಿಹೋಗಬೇಕೆಂದುಕೊಂಡ, ಮೊಣಕಾಲು ಒಪ್ಪಲಿಲ್ಲ.

“ಸತ್ತವರಿಗಿ ಸರಕಾರ ಏನೂ ಮಾಡೂದಿಲ್ಲ ವೈನಿ,” ಎಂದ, ಅತ್ತಿಗೆಯ ವರಸೆ ಹಿಡಿದು, ನೆಲ ನೋಡುತ್ತ. “ಬದುಕಿದವ್ರಿಗೇ ಎಲ್ಲಾ ತ್ರಾಸ.”

“ಅಕ್ಷರ ಛಲೋ ಬಂದಾವ,” ಎಂದಳು ಮನೀಷಾ. ಬೇರೇನು ಹೇಳುವುದೆಂದು ಅವಳಿಗೆ ಹೊಳೆಯಲಿಲ್ಲ.

ಸತ್ತವನಿಗೆ ನೋಟೀಸು ತಗಲದು, ಸಹಿ ಹಾಕಿದ ದಿಗಂಬರನಿಗೆ ತಗಲುತ್ತದೆ. ಊರಿನ ಎಲ್ಲ ನೀರು ತೆಗೆಯುವುದು ಒಬ್ಬನಿಂದ ಆಗದೆಂದು ಬಂದೇನವಾಜನಿಗೂ ಗೊತ್ತಿತ್ತು. ಅವನು ದಯೆ ತೋರಿ, ನೀರು ತೆಗೆಯಲಾಗದಿದ್ದರೆ ಸೊಳ್ಳೆಮರಿ ತಿನ್ನುವ ಮೀನು ಬಿಡಬಹುದೆಂದು ಹುಕುಂನಲ್ಲೇ ಇದೆ ಎಂದು ತಿಳಿಸಿ, ಇಲಾಖೆಯ ಮೀನನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಗೇ ತಂದುಕೊಟ್ಟ. ಎಲ್ಲ ಪ್ಲಾಟಿಗೂ ಸಮನಾಗಿ ಹಂಚಬೇಕೆಂದ. ಶಕುಂತಲಾಬಾಯಿ ಡಬ್ಬಿಯೊಳಗೆ ಇಣುಕಿದವಳೇ ಕೊರಳಲ್ಲಿನ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಏಳು ತಲೆಮಾರಿನಲ್ಲಿ ನಮ್ಮ ಹೊಸ್ತಿಲೊಳಗೆ ಬಾರದ್ದು ಬಂತು ಎಂದು ಅತ್ತಳು. ಮಗ ಸತ್ತ ಮೇಲೆ ಅವಳಿಗೆ ಅಳಲು ಕಾರಣ ಹುಡುಕಬೇಕಾಗಿರಲಿಲ್ಲ.

ದಿಗಂಬರ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಊರಿನ ಪ್ಲಾಟುಗಳಿಗೆ ಹಂಚುವ ಮುಂಚೆ ಮನೆಯದನ್ನು ನೋಡಬೇಡವೇ? ವೈನಿಯ ಪ್ಲಾಟಿಗೆ ಸೊಳ್ಳೆ ಇಲ್ಲವೆಂಬ ಚೀಟಿ ಸಿಕ್ಕರೆ ಮನೆ ಕಟ್ಟುವ ಪರವಾನಗಿಗೆ ದಾರಿಯಾಗುತ್ತದೆ. ಹೈವೇ ಪಕ್ಕದಲ್ಲಿ ಅಣ್ಣನ ಬೋರ್ಡಿದ್ದ ಪ್ಲಾಟು ಸೊಂಟದುದ್ದ ನೀರು ತುಂಬಿ ನಿಂತಿತ್ತು. ಡಬ್ಬಿಯನ್ನು ಅಲ್ಲೇ ಪೂರ್ತಿ ಬೋರಲು ಹಾಕಿದ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮೀನುಗಳು ಬಹಳ ಸಣ್ಣವು, ಬಡಕಲು. ಶರಣರ ಮನೆತನದವನಿಗೆ ಕನಿಕರ ಬಂತು. ದಿನಾ ಬೆಳಿಗ್ಗೆ ಹೋಗಿ ಚುರುಮುರಿ ಹಾಕಿದ, ಒಮ್ಮೊಮ್ಮೆ ರೊಟ್ಟಿಯ ಚೂರು. ಮೀನುಗಳು ಉಂಡು ಬೆಳೆದವು, ಮರಿ ಮಾಡಿದವು, ಹೊಟ್ಟೆ ತುಂಬಿದ್ದರಿಂದ ಸೊಳ್ಳೆಮರಿಗಳ ತಂಟೆಗೆ ಹೋಗಲಿಲ್ಲ. ನೀರಿನಲ್ಲಿ ಎಲ್ಲರೂ ಸೌಖ್ಯವಾಗಿದ್ದರು.

ನೀರಿನಲ್ಲಿ ಮೀನು ಕಂಡ ಮೇಲೆ ಜನ ಬಂದರು. ಮೊದಲು ಒಬ್ಬಳು ಬಟ್ಟೆ ಒಗೆಯಲು ಬಂದಳು. ಆಮೇಲೆ ಎಮ್ಮೆಗಳು. ಜ್ವರ ಬಿಟ್ಟ ಯಾರೋ ಕಾಲು ಅದ್ದಿದನಂತೆ, ಮೀನು ಮೊಣಕಾಲು ಕಚ್ಚಿದಾಗ ಹಿಡಿತ ಸಡಿಲಾಯಿತಂತೆ. ಮರುದಿನ ಬದುವಿನ ಮೇಲೆ ಸಾಲಾಗಿ ಮೊಣಕಾಲುಗಳು. ಅದರ ಮರುದಿನ ತೆಂಗಿನಕಾಯಿ, ಅರಿಶಿನ, ಕುಂಕುಮ. ಮುಂದಿನ ವಾರ ಕಂದಾಯ ಇಲಾಖೆಯ ಗಿರದಾವರ ಶರಣಪ್ಪ.

ಕೆರೆಕುಂಟೆಗಳನ್ನು ಪ್ಲಾಟು ಮಾಡಿ ಮಾರುವುದನ್ನು ತಡೆಯಬೇಕೆಂದು ಶರಣಪ್ಪನಿಗೆ ಮೇಲಿನಿಂದ ಆಜ್ಞೆಯಿತ್ತು. ಅವನು ಬದುವಿನ ಮೇಲೆ ನಿಂತು ನೋಡಿದ: ನೀರು ಇದೆ, ಮೀನು ಇದೆ, ಬಟ್ಟೆ ಒಗೆಯುವವರು ಇದ್ದಾರೆ, ಪೂಜೆ ನಡೆಯುತ್ತಿದೆ, ನಡುವೆ ಏಜೆಂಟನ ಬೋರ್ಡು. ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಇಷ್ಟು ಸಂಪೂರ್ಣವಾದ ಕೆರೆಯನ್ನು ಕಂಡಿರಲಿಲ್ಲ. ದಿಗಂಬರ ಚುರುಮುರಿ ಪೊಟ್ಟಣ ಹಿಡಿದು ಓಡೋಡಿ ಬಂದು, ಇದು ಪ್ಲಾಟು, ಮೀನು ತಾನೇ ಬಿಟ್ಟದ್ದು, ಅದೂ ಸರ್ಕಾರ ಕೊಟ್ಟ ಮೀನು ಎಂದು ವಿವರಿಸಿದ.

“ಸರಕಾರ ಮೀನು ಬಿಡೂದು ಸರಕಾರದ ಕೆರಿಯಾಗ,” ಎಂದ ಶರಣಪ್ಪ. “ಮಂದಿ ಪ್ಲಾಟಿನಾಗ ಯಾಕ ಬಿಡ್ತದ ತಮ್ಮಾ?”

ದಿಗಂಬರನಿಗೂ ಆ ಕ್ಷಣ ಹೌದೆನ್ನಿಸಿತು.

ಪ್ಲಾಟನ್ನು ಸರ್ಕಾರಿ ಕೆರೆ ಎಂದು ಬರೆಯುವ ಬಗ್ಗೆ ಬಸವಕಲ್ಯಾಣದ ಉಪವಿಭಾಗಾಧಿಕಾರಿ ಎ.ಸಿ. ಸಾಹೇಬರ ಕಚೇರಿಯಲ್ಲಿ ವಿಚಾರಣೆ ಎಂದು ಕಾಗದ ಬಂದಾಗ ಶಕುಂತಲಾಬಾಯಿ ಸೊಸೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದಳು. ಕೊಹಿನೂರಿನಿಂದ ಅಪ್ಪ ಫೋನು ಮಾಡಿ, ನಿನ್ನ ಕೋಣೆಯಲ್ಲಿದ್ದ ಜೋಳದ ಚೀಲ ತೆಗೆಸಿದ್ದೇನೆ ಎಂದರು. ಮನೀಷಾ ಅಂದು ಕಾಲೇಜಿನಲ್ಲಿ ಪಾಠ ಮುಗಿಸಿ, ಪಾಠ ಮುಗಿದದ್ದು ತಿಳಿಯದೆ, ಹುಡುಗಿಯರೆಲ್ಲ ಎದ್ದು ಹೋಗುವವರೆಗೆ ಸೀಮೆಸುಣ್ಣ ಹಿಡಿದು ನಿಂತಿದ್ದಳು.

ಕಲ್ಯಾಣದ ಬಸ್ಸಿನಲ್ಲಿ ದಿಗಂಬರ ದಾರಿಯುದ್ದಕ್ಕೂ ವಾದವನ್ನು ಬಾಯಿಪಾಠ ಮಾಡಿದ. ಕಚೇರಿಯಲ್ಲಿ ಸಾಹೇಬರ ಬಲಗೈ ಬೆರಳುಗಳೂ ಹಿಡಿದಿದ್ದವು. ಸಹಿಗೆ ಕಾದ ಕಡತಗಳು ಕಿಟಕಿಯ ಬೆಳಕನ್ನು ಮುಚ್ಚಿದ್ದವು. ದಿಗಂಬರ ಎದ್ದು ನಿಂತು ಅಣ್ಣನ ಸಾವಿನಿಂದ ಆರಂಭಿಸಿ ಮೀನಿನ ಸ್ವಭಾವದವರೆಗೆ ಎಲ್ಲ ಹೇಳಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿ, ಆ ಪ್ಲಾಟು ನಿಮ್ಮದೇ ಎನ್ನಲು ಆಧಾರವೇನು ಎಂದರು.

“ಬೋರ್ಡ್ ಅದಲ್ರಿ,” ಎಂದ ದಿಗಂಬರ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ ಗೋಡೆ ಹಿಡಿದು ಎದ್ದಳು. ಹೆಸರು ಸರ್ದಾರಬಿ, ಹುಮನಾಬಾದಿನವಳೇ, ಗಂಡನಿಲ್ಲದವಳು. ಕೆರೆ ಎಂದು ಬರೆಯುತ್ತಿರುವ ಜಾಗ ತನ್ನದೆಂದಳು. ಪಕ್ಕದಲ್ಲಿ ಎತ್ತರಕ್ಕೆ, ಸಮತಟ್ಟಾಗಿ, ಒಂದು ಹನಿ ನೀರಿಲ್ಲದೆ ಒಣಗಿ ನಿಂತಿದೆಯಲ್ಲ, ಬೋರ್ಡಿಲ್ಲದ್ದು, ಅದು ಶಂಕರಲಿಂಗನದು.

ಸಾಹೇಬರು ನಕ್ಷೆ ತರಿಸಿದರು. ಮುದುಕಿ ಹೇಳಿದ್ದೇ ನಿಜ. ಊರಿನವರ ಜಾಗಕ್ಕೆಲ್ಲ ಬೋರ್ಡು ಹಾಕಿದ ಶಂಕರಲಿಂಗ ಸ್ವಂತದ್ದಕ್ಕೆ ಹಾಕಿರಲಿಲ್ಲ, ಮಾರುವುದಿಲ್ಲವಾದ್ದರಿಂದ. ಊರಿಗೆಲ್ಲ ಆ ಬೋರ್ಡನ್ನು ನಂಬಬಾರದೆಂದು ಗೊತ್ತಿತ್ತು, ನಂಬಿದವನು ಅವನ ತಮ್ಮನೊಬ್ಬನೇ. ಮನೀಷಾ ಆ ಜಾಗ ನೋಡಿದ್ದು ಒಮ್ಮೆ, ಬೇಸಿಗೆಯಲ್ಲಿ, ಓಡುತ್ತಿರುವ ಬೈಕಿನ ಹಿಂದೆ ಕೂತು. ಅವನು ಒಂದು ಕೈ ಬಿಟ್ಟು ತೋರಿಸಿದ್ದ. ಮುಂದೆ ನೋಡಿ ಗಾಡಿ ಹೊಡೆಯಿರಿ ಎನ್ನುತ್ತ ಅವಳು ಅವನ ಕೈಯನ್ನೇ ನೋಡಿದ್ದಳು.

“ನಿಮ್ಮ ಜಾಗಾದಾಗ ತಗ್ಗು ಹ್ಯಾಂಗ ಬಿತ್ತಮ್ಮಾ?” ಸಾಹೇಬರು ಕೇಳಿದರು.

ಸರ್ದಾರಬಿ ಮನೀಷಾಳ ಕಡೆ ಒಮ್ಮೆ ನೋಡಿದಳು. ಸತ್ತವರ ಮಾತು ಅವರ ಹೆಂಡತಿಯ ಮುಂದೆ ಆಡಲು ಅವಳಿಗೆ ಮನಸ್ಸಿದ್ದಂತಿರಲಿಲ್ಲ.

“ಅಂವ ಬಂದು ಅಮ್ಮಾ ಅಂದ. ನನ್ನ ಪ್ಲಾಟು ರಸ್ತಾಕಿಂತ ತಗ್ಗದ, ಪರವಾನಗಿ ಕೊಡಾಕ ಒಲ್ರು, ನಿನ್ನ ಜಾಗಾದಾಗಿನ ಮುರುಮು ಮಣ್ಣು ಕಡಾ ಕೊಡು, ಮಳಿಗಾಲಕ್ಕ ಮೊದಲ ತುಂಬಿ ಕೊಡ್ತೀನಿ ಅಂದ. ಕೊಟ್ಟೆ. ತಗ್ಗಿನಾಗ ಮಂದಿ ಕಸಾ ಒಗಿಬಾರದು ಅಂತ ತಾನೇ ಬೋರ್ಡೂ ನಿಲ್ಲಿಸಿದ. ಛಲೋ ಹುಡುಗ. ಮಳಿ ಲಗೂ ಬಂತು.”

ಸ್ವಲ್ಪ ತಡೆದು, ತನಗೂ ಆ ಜಾಗದಲ್ಲಿ ಮಗನಿಗೊಂದು ಕೋಣೆ ಎಬ್ಬಿಸುವುದಿತ್ತು ಎಂದಳು. ಈಗ ಕೆರೆಯಲ್ಲಿ ಹೇಗೆ ಎಬ್ಬಿಸುವುದೆಂದು ಸಾಹೇಬರನ್ನೇ ಕೇಳಿದಳು.

ಸಾಹೇಬರು ಮನೀಷಾಳಿಗೆ, ನಿಮ್ಮ ಪ್ಲಾಟಿಗೂ ಈ ಕೆರೆಗೂ ಸಂಬಂಧವಿಲ್ಲ, ನೀವು ಹೋಗಬಹುದು, ಎತ್ತರದಲ್ಲಿದೆ, ಪರವಾನಗಿಗೂ ಅಡ್ಡಿಯಿರಲಾರದು ಎಂದರು. ದಿಗಂಬರ ಅಲ್ಲಿಯೇ ಕೈಮುಗಿದು, ವೈನಿ ಗೆದ್ದೆವು ಎಂದು ಪಿಸುಗುಟ್ಟಿದ. ಬಾಗಿಲಲ್ಲಿ ಜವಾನ ಮುಂದಿನವರ ಹೆಸರು ಕೂಗಿಯೂ ಬಿಟ್ಟ. ಮನೀಷಾ ಎದ್ದಳು. ಎದ್ದವಳು ಹೋಗಲಿಲ್ಲ.

“ತಗ್ಗು ತುಂಬಿದ್ರ ಅದು ಕೆರಿ ಅಲ್ಲ ಅಂತ ಬರೀತೀರೇನ್ರಿ?”

ಬರೆಯಬಹುದು, ಎಂದರು ಸಾಹೇಬರು. ಆದರೆ ಮಣ್ಣೆಲ್ಲಿದೆ? ಒಂದು ಕಡೆ ಅಗೆದರೆ ಅಲ್ಲಿ ತಗ್ಗು, ತಗ್ಗಿದ್ದಲ್ಲಿ ನೀರು, ನೀರಿದ್ದಲ್ಲಿ ಸೊಳ್ಳೆ. ಅದಕ್ಕೇ ಜ್ವರ ಇಳಿಯುವವರೆಗೆ ತಾಲೂಕಿನಲ್ಲಿ ಎಲ್ಲಿಯೂ ಮುರುಮು ಅಗೆಯಬಾರದೆಂದು ತಾವೇ ಹುಕುಂ ಮಾಡಿದ್ದಾರೆ. ತಮ್ಮ ಹುಕುಂ ತಾವು ಮುರಿಯುವುದು ಹೇಗೆ?

“ಹೊಸಾದು ಅಗಿಯೂದಲ್ರಿ. ಒಯ್ದದ್ದು ತಿರುಗಿ ಹಾಕೂದು.”

ಸಾಹೇಬರು ಹುಕುಂ ತರಿಸಿ ಎರಡು ಸಲ ಓದಿದರು. ಒಯ್ದದ್ದನ್ನು ತಿರುಗಿ ಹಾಕಬಾರದೆಂದು ಅದರಲ್ಲೆಲ್ಲೂ ಇರಲಿಲ್ಲ. ಹಾಗೊಬ್ಬರು ಮಾಡಿಯಾರೆಂದು ಬರೆದವರಿಗೆ ಹೊಳೆದಿರಲಿಲ್ಲ. ಎಡಗೈಯಲ್ಲಿ ಸಹಿ ಹಾಕುತ್ತ ಅವರು, ಹಾಗಾದರೆ ನಿಮ್ಮ ಪ್ಲಾಟು ಮತ್ತೆ ರಸ್ತೆಗಿಂತ ತಗ್ಗಾಗುತ್ತದೆ, ಈ ವರ್ಷ ಮನೆ ಕಟ್ಟಲು ಬಿಡುವುದಿಲ್ಲ, ತಿಳಿದಿದೆಯೇ ಎಂದು ಕೇಳಿದರು. ಮನೀಷಾ ತಿಳಿದಿದೆ ಎಂದಳು.

ಬಸ್ಸು ರಾಜೇಶ್ವರ ದಾಟಿದ ಮೇಲೆ ದಿಗಂಬರ, “ಗೆದ್ದಿದ್ದೆವಲ್ಲ ವೈನಿ,” ಎಂದ ಒಂದು ಸಲ. ಮನೆಯಲ್ಲಿ ಶಕುಂತಲಾಬಾಯಿ ಎಲ್ಲ ಕೇಳಿ, ಕೊಹಿನೂರಿಗೆ ಹೋಗಬೇಕಾಗುತ್ತದೆ, ಗೊತ್ತಿದೆಯಲ್ಲವೇ ಎಂದಳು. ನೆಂಟರು ಫೋನಿನಲ್ಲಿ, ಓದಿದ ಹುಡುಗಿಯನ್ನು ತಂದರೆ ಹೀಗೇ ಆಗುವುದು ಎಂದರು. ಚಹಾದಂಗಡಿಯಲ್ಲಿ ಏಜೆಂಟರು ತಲೆಯಾಡಿಸಿದರು. ಈ ವ್ಯಾಪಾರದಲ್ಲಿ ಒಯ್ದದ್ದನ್ನು ತಿರುಗಿ ಕೊಟ್ಟವರ ಕಥೆಯನ್ನು ಅವರಲ್ಲಿ ಹಿರಿಯರೂ ಕೇಳಿರಲಿಲ್ಲ.

ಮೊದಲು ಮೀನು ಹೋಗಬೇಕಿತ್ತು. ಬಂದೇನವಾಜ್, ಸರ್ಕಾರದ ಜೀವ, ಸಾಯುವಂತಿಲ್ಲ, ದೊಡ್ಡ ಕೆರೆಗೆ ಮುಟ್ಟಿಸಿ ಎಂದ. ದಿಗಂಬರ ಎರಡು ಕೊಡಗಳಲ್ಲಿ ಮೀನು ತುಂಬಿಕೊಂಡು ಕಲ್ಯಾಣದ ತ್ರಿಪುರಾಂತ ಕೆರೆಗೆ ಮತ್ತೆ ಬಸ್ಸು ಹತ್ತಿದ. ಕಂಡಕ್ಟರ್ ಲಗೇಜಿನ ಚೀಟಿ ಹರಿಯುವುದೋ ಪ್ರಯಾಣಿಕರದೋ ಎಂದು ಚಾಲಕನನ್ನು ಕೇಳಿದನಂತೆ. ದಿಗಂಬರ ಸಂಜೆ ಖಾಲಿ ಕೊಡ ತಂದು ಅಂಗಳದಲ್ಲಿಟ್ಟು, ಅವುಗಳಿಗೆ ಚುರುಮುರಿ ರೂಢಿಯಾಗಿತ್ತು, ಅಲ್ಲಿ ಯಾರು ಹಾಕುತ್ತಾರೆ ಎಂದ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ. ಅಣ್ಣ ಸತ್ತ ದಿನ ಅವನಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಇಂಜಿನ್ನು ಹಚ್ಚಿ ನೀರು ತೆಗೆದರು. ಆಳುಗಳು ಸಿಗಲಿಲ್ಲ, ಬಗ್ಗಬಲ್ಲ ಬೆನ್ನು ಊರಿನಲ್ಲಿ ಅಪರೂಪವಾಗಿತ್ತು. ದಿಗಂಬರ ಅಗೆದ. ಮಚ್ಚೇಂದ್ರ ಯಾರೂ ಕರೆಯದೆ ಹಾರೆ ತಂದು ಬೇರೆ ಮೂಲೆಯಲ್ಲಿ ಅಗೆಯತೊಡಗಿದ, ಯಾರ ಮುಖವನ್ನೂ ನೋಡದೆ. ಮನೀಷಾಳಿಗೂ ಜ್ವರ ಬಂದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಂಪು ಮುರುಮಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿದಳು. ಹೈವೇಯಲ್ಲಿ ಹೋಗುವ ಲಾರಿಗಳು ನಿಧಾನ ಮಾಡಿ ನೋಡಿ ಹೋದವು. ಸರ್ದಾರಬಿ ತಗ್ಗಿನ ಅಂಚಿಗೆ ಸ್ಟೂಲು ಹಾಕಿಸಿಕೊಂಡು ಕೂತಿದ್ದಳು.

ಮೊದಲ ಬುಟ್ಟಿ ಸುರಿದಾಗ ಮುದುಕಿ ಬಗ್ಗಿ ಒಂದು ಹಿಡಿ ತೆಗೆದು ನೋಡಿದಳು.

“ಅಂವ ಒಯ್ದಾಗ ಒಣಾ ಇತ್ತು ಬೇಟಿ. ಹಸೀ ಕೊಡಾಕತ್ತಿ.”

“ಒಣಗ್ತದ್ರಿ ಅಮ್ಮಾ,” ಎಂದು ಮನೀಷಾ ಖಾಲಿ ಬುಟ್ಟಿ ಹಿಡಿದು ತನ್ನ ಪ್ಲಾಟಿನ ದಿಬ್ಬ ಹತ್ತಿದಳು.

ಕೆಲಸ ಮುಗಿಯಲು ಬಂದ ಸಂಜೆ, ಬುಟ್ಟಿ ಹೊತ್ತು ಸರ್ದಾರಬಿಯ ಜಾಗಕ್ಕೆ ಹೋಗಿ ಬರುವಾಗ, ಅವಳು ಹತ್ತಬೇಕಾಗಿಯೂ ಇರಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ನಡೆದರೆ ಸಾಕಾಗುತ್ತಿತ್ತು.